ವಿದ್ಯಾರ್ಥಿಯ ಪ್ರಶ್ನೆಗೆ ವಿಳಾಸ ಯಾವುದು?

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಮರುದಿನ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಬಗ್ಗೆ ಒಂದೇ ಬಗೆಯ ಚರ್ಚೆ ನಡೆಯುತ್ತದೆ. ಯಾವ ಜಿಲ್ಲೆ ಎಷ್ಟನೆಯ ಸ್ಥಾನದಲ್ಲಿದೆ, ಕಳೆದ ಬಾರಿಗಿಂತ ಮೇಲೇರಿತೆ ಅಥವಾ ಕೆಳಗಿಳಿಯಿತೆ, ಶಿಕ್ಷಕರ ಹುದ್ದೆಗಳು ಎಷ್ಟು ಖಾಲಿ ಉಳಿದಿವೆ ಎಂಬ ಲೆಕ್ಕಗಳು ಮುಂದೆ ಬರುತ್ತವೆ. ವಿದ್ಯಾರ್ಥಿ ಎಷ್ಟು ಪ್ರಶ್ನೆಗಳಿಗೆ ಸರಿಯುತ್ತರ ಬರೆದ ಎಂದು ಅಳೆಯಲು ನಮ್ಮಲ್ಲಿ ಒಂದು ಮಂಡಳಿಯೇ ಇದೆ. ಅದೇ ವಿದ್ಯಾರ್ಥಿ ವರ್ಷವಿಡೀ ತಾನಾಗಿ ಎಷ್ಟು ಪ್ರಶ್ನೆ ಕೇಳಿದ, ಯಾರಲ್ಲಿ ಕೇಳಿದ, ಅವಕ್ಕೆ ಉತ್ತರ ದೊರಕಿತೆ ಎಂಬುದರ ಲೆಕ್ಕ ಇಡುವವರು ಯಾರೂ ಇಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಪಾಠ ಹೇಳಿ, ನಿವೃತ್ತಿಯ ನಂತರವೂ ಕರೆದ ಶಾಲೆಗಳಿಗೆ ಹೋಗಿಬರುತ್ತಿರುವ ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಸಂಗತಿ ಇದು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಇದ್ದ ತಾಲ್ಲೂಕುಗಳು ಈ ನಾಲ್ಕೇ. ಈಚಿನ ವರ್ಷಗಳಲ್ಲಿ ಕುಕನೂರು, ಕನಕಗಿರಿ, ಕಾರಟಗಿ ಎಂಬ ಹೊಸ ತಾಲ್ಲೂಕುಗಳು ಇವುಗಳಿಂದಲೇ ಹುಟ್ಟಿಕೊಂಡಿವೆ. ಕಟ್ಟಡಗಳು ಬಂದಿವೆ, ಬೈಸಿಕಲ್ ಬಂದಿವೆ, ಸಂವಿಧಾನದ 371(ಜೆ) ವಿಧಿಯ ಮೂಲಕ ಮೀಸಲಾತಿಯೂ ಅನುದಾನವೂ ಬಂದಿವೆ. ಆದರೆ ಎಂಟನೆಯ ಅಥವಾ ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ವಿಜ್ಞಾನದ ಒಂದು ಪ್ರಶ್ನೆ ಹುಟ್ಟಿದರೆ ಅದನ್ನು ಎಲ್ಲಿ ಇಡಬೇಕು ಎಂಬುದಕ್ಕೆ ಇಂದಿಗೂ ಖಚಿತವಾದ ಉತ್ತರವಿಲ್ಲ. ಕಾಗದಕ್ಕೆ ಅಂಚೆಚೀಟಿ ಎಷ್ಟು ಅಗತ್ಯವೋ ವಿಳಾಸವೂ ಅಷ್ಟೇ ಅಗತ್ಯ. ವಿಳಾಸವಿಲ್ಲದ ಪ್ರಶ್ನೆ ಎಲ್ಲಿಗೂ ತಲುಪುವುದಿಲ್ಲ.

ಎರಡು ಬಗೆಯ ಪ್ರಶ್ನೆಗಳು

ವಿದ್ಯಾರ್ಥಿಗಳ ಪ್ರಶ್ನೆಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಮೊದಲನೆಯದು ಅಭ್ಯಾಸದ ಪ್ರಶ್ನೆ. ಪಾಠದ ಕೊನೆಯಲ್ಲಿರುವ ಲೆಕ್ಕ, ಬಿಡಿಸಲಾಗದ ಸಮೀಕರಣ, ಅರ್ಥವಾಗದ ಚಿತ್ರ ಇವೆಲ್ಲ ಇದರಲ್ಲಿ ಸೇರುತ್ತವೆ. ಎರಡನೆಯದು ಕುತೂಹಲದ ಪ್ರಶ್ನೆ. ಪುಸ್ತಕದಲ್ಲಿ ಇಲ್ಲದ, ಹೊಲದಲ್ಲೋ ಬಾವಿಕಟ್ಟೆಯಲ್ಲೋ ಬಸ್ಸಿನ ಕಿಟಕಿಯಲ್ಲೋ ಕಂಡ ಸಂಗತಿಯಿಂದ ಹುಟ್ಟಿದ ಪ್ರಶ್ನೆ ಅದು. ಈ ಎರಡೂ ಬೇರೆ ಬೇರೆ ಕಡೆಗೆ ಹೋಗಬೇಕಾದವು. ನಾವು ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತೇವೆ, ಇಲ್ಲವೆ ಎರಡನ್ನೂ ಹೊರಗಿಡುತ್ತೇವೆ.

ಮೊದಲು ಅಭ್ಯಾಸದ ಪ್ರಶ್ನೆಯನ್ನೇ ನೋಡೋಣ. ಹತ್ತನೆಯ ತರಗತಿಯ ಬೆಳಕಿನ ಪಾಠದಲ್ಲಿ ಮಸೂರದ ಲೆಕ್ಕಗಳಿವೆ. ಪೀನ ಮಸೂರದ ಸಂಗಮದೂರ 10 ಸೆಂಟಿಮೀಟರ್, ವಸ್ತುವನ್ನು ಇಟ್ಟ ದೂರ 15 ಸೆಂಟಿಮೀಟರ್. ಬಿಂಬ ಎಲ್ಲಿ ಉಂಟಾಗುತ್ತದೆ? ಸರಿಯಾದ ಉತ್ತರ 30 ಸೆಂಟಿಮೀಟರ್. ಹಲವು ಮಕ್ಕಳಿಗೆ 6 ಸೆಂಟಿಮೀಟರ್ ಎಂದು ಬರುತ್ತದೆ. ಮಸೂರದ ಎಡಬದಿಯ ದೂರವನ್ನು ಋಣ ಚಿಹ್ನೆಯೊಂದಿಗೆ ಬರೆಯಬೇಕೆಂಬ ನಿಯಮವನ್ನು ಮರೆತರೆ ಬರುವುದು ಈ 6. ಅದೇ ಹುಡುಗ ಗೈಡಿನಲ್ಲೋ ಫೋನಿನಲ್ಲೋ ಹುಡುಕಿದರೆ ಪೂರ್ಣ ಲೆಕ್ಕ ಕ್ಷಣಾರ್ಧದಲ್ಲಿ ಸಿಗುತ್ತದೆ. ಅವನು 6ನ್ನು ಹೊಡೆದುಹಾಕಿ 30 ಎಂದು ಬರೆದುಕೊಳ್ಳುತ್ತಾನೆ. ತಾನು ಎಲ್ಲಿ ಎಡವಿದೆ ಎಂಬುದು ಅವನಿಗೂ ತಿಳಿಯದು, ಅವನ ಶಿಕ್ಷಕರಿಗೂ ತಿಳಿಯದು. ಬದಲಾಗಿ ‘ನಾನು ಹೀಗೆ ಹೀಗೆ ಮಾಡಿದೆ, ನನಗೆ 6 ಬಂತು, ಎಲ್ಲಿ ತಪ್ಪಿದೆ?’ ಎಂದು ಬರೆದು ಶಿಕ್ಷಕರ ಮುಂದಿಟ್ಟರೆ ಅವರು ಒಂದು ನೋಟದಲ್ಲಿ ಚಿಹ್ನೆಯ ದೋಷವನ್ನು ತೋರಿಸಬಲ್ಲರು. ಹತ್ತು ಮಕ್ಕಳ ಪುಸ್ತಕದಲ್ಲಿ ಅದೇ 6 ಕಂಡರೆ ಚಿಹ್ನೆಯ ನಿಯಮವನ್ನು ಮತ್ತೊಮ್ಮೆ ಪಾಠ ಮಾಡಬೇಕೆಂಬುದು ಅವರಿಗೆ ಮನವರಿಕೆಯಾಗುತ್ತದೆ. ವಿದ್ಯಾರ್ಥಿಯ ತಪ್ಪುತ್ತರ ಶಿಕ್ಷಕರಿಗೆ ದೊರೆಯಬಹುದಾದ ಅತ್ಯಂತ ಬೆಲೆಬಾಳುವ ಮಾಹಿತಿ. ಆ ಮಾಹಿತಿ ಇಂದು ತರಗತಿಯ ಹೊರಗೇ ಕಳೆದುಹೋಗುತ್ತಿದೆ.

ಆದ್ದರಿಂದ ಅಭ್ಯಾಸದ ಪ್ರಶ್ನೆಯ ಮೊದಲ ವಿಳಾಸ ತರಗತಿಯೇ. ಪಕ್ಕದ ಬೆಂಚಿನ ಸಹಪಾಠಿ, ಆಮೇಲೆ ವಿಷಯ ಶಿಕ್ಷಕರು, ಆಮೇಲೆ ಉಳಿದವರು. ಅದಕ್ಕೆ ಒಂದೇ ಷರತ್ತು: ತಾನು ಎಲ್ಲಿಯವರೆಗೆ ಬಂದೆ ಎಂಬುದನ್ನು ವಿದ್ಯಾರ್ಥಿ ಬರೆದು ತೋರಿಸಬೇಕು. ‘ಈ ಲೆಕ್ಕ ಮಾಡಿಕೊಡಿ’ ಎಂಬುದನ್ನು ಪ್ರಶ್ನೆ ಎನ್ನಲಾಗದು, ಅದು ಬೇಡಿಕೆ. ‘ಇಲ್ಲಿಯವರೆಗೆ ಮಾಡಿದ್ದೇನೆ, ಮುಂದೆ ದಾರಿ ಕಾಣುತ್ತಿಲ್ಲ’ ಎಂಬುದು ಪ್ರಶ್ನೆ.

ಈಗ ಪ್ರಶ್ನೆಗಳು ಎಲ್ಲಿ ಹೋಗುತ್ತಿವೆ?

ವಾಸ್ತವದಲ್ಲಿ ಆಗುತ್ತಿರುವುದೇನು? ಅನುಕೂಲಸ್ಥರ ಮಕ್ಕಳ ಪ್ರಶ್ನೆಗಳು ಕೊಪ್ಪಳ, ಗಂಗಾವತಿ ಪಟ್ಟಣಗಳ ಮನೆಪಾಠಗಳಿಗೆ ಹೋಗುತ್ತವೆ. ಇನ್ನೂ ಅನುಕೂಲಸ್ಥರ ಮಕ್ಕಳು ಹತ್ತನೆಯ ತರಗತಿ ಮುಗಿದೊಡನೆ ಧಾರವಾಡಕ್ಕೋ ಮಂಗಳೂರಿಗೋ ಹೋಗಿಬಿಡುತ್ತಾರೆ. ಅವರೊಂದಿಗೆ ಅವರ ಪ್ರಶ್ನೆಗಳೂ ಜಿಲ್ಲೆಯನ್ನು ಬಿಡುತ್ತವೆ. ಉಳಿದವರಲ್ಲಿ ಹೆಚ್ಚಿನವರ ಪ್ರಶ್ನೆಗಳು ಈಗ ಫೋನಿಗೆ ಹೋಗುತ್ತಿವೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಾವ ಪ್ರಶ್ನೆಗಾದರೂ ಕನ್ನಡದಲ್ಲಿಯೇ ಉತ್ತರ ಕೊಡುವ ಯಂತ್ರಗಳು ಹಳ್ಳಿಯ ಹುಡುಗರ ಕೈಗೂ ಬಂದಿವೆ. ಇದನ್ನು ನಾನು ಹೀಗಳೆಯಲಾರೆ. ಉತ್ತರವೇ ಸಿಗದಿದ್ದ ಹುಡುಗನಿಗೆ ಉತ್ತರ ಸಿಗುವುದು ಒಳ್ಳೆಯದೇ. ಆದರೆ ಫೋನಿಗೆ ಕೇಳಿದ ಪ್ರಶ್ನೆ ಒಬ್ಬನದಾಗಿಯೇ ಉಳಿಯುತ್ತದೆ. ಪಕ್ಕದಲ್ಲಿ ಕುಳಿತವನಿಗೆ ಅದು ಕೇಳಿಸುವುದಿಲ್ಲ. ಅದೇ ಸಂದೇಹವಿದ್ದು ಬಾಯಿಬಿಡಲು ಅಂಜುವ ಇಪ್ಪತ್ತು ಮಕ್ಕಳಿಗೆ ಅದರಿಂದ ಪ್ರಯೋಜನವಾಗುವುದಿಲ್ಲ. ಬಂದ ಉತ್ತರ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಎರಡನೆಯ ವ್ಯಕ್ತಿ ಅಲ್ಲಿರುವುದಿಲ್ಲ.

ಮನೆಯಲ್ಲಿ ಒಂದೇ ಫೋನ್ ಇದ್ದರೆ ಅದು ಹೆಚ್ಚಾಗಿ ಅಣ್ಣನ ಕೈಯಲ್ಲಿರುತ್ತದೆ, ತಂಗಿಯ ಕೈಯಲ್ಲಿರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ತರಗತಿಯಲ್ಲಿ ಎದ್ದುನಿಂತು ಕೇಳಲು ಹಿಂಜರಿಯುವವರಲ್ಲಿಯೂ ಹೆಣ್ಣುಮಕ್ಕಳೇ ಹೆಚ್ಚು. ಹೀಗಾಗಿ ಎರಡೂ ಬಾಗಿಲು ಅವರ ಪಾಲಿಗೆ ಅರ್ಧ ಮುಚ್ಚಿರುತ್ತವೆ.

ಶಿಕ್ಷಕರನ್ನು ದೂರುವುದು ಸುಲಭ, ಅದರಲ್ಲಿ ನ್ಯಾಯವಿಲ್ಲ. ಕಿಕ್ಕಿರಿದ ತರಗತಿ, ನಲವತ್ತು ನಿಮಿಷದ ಅವಧಿ, ಮುಗಿಸಲೇಬೇಕಾದ ಪಠ್ಯ, ಇದರ ನಡುವೆ ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ. ಹಲವೆಡೆ ವಿಜ್ಞಾನದ ಪಾಠ ವರ್ಷಕ್ಕೊಮ್ಮೆ ಬದಲಾಗುವ ಅತಿಥಿ ಶಿಕ್ಷಕರ ಹೆಗಲ ಮೇಲಿದೆ. ಇಂಥ ಸ್ಥಿತಿಯಲ್ಲಿ ಪಾಠದ ನಡುವೆ ಎದ್ದ ಪ್ರಶ್ನೆಯನ್ನು ‘ಆಮೇಲೆ ಹೇಳುತ್ತೇನೆ’ ಎಂದು ಮುಂದೂಡುವುದು ಸಹಜ. ತೊಂದರೆ ಇರುವುದು ಆ ‘ಆಮೇಲೆ’ ಎಂಬುದಕ್ಕೆ ನಿಗದಿಯಾದ ದಿನ, ಸ್ಥಳ, ಪುಸ್ತಕ ಯಾವುದೂ ಇಲ್ಲದಿರುವುದರಲ್ಲಿ.

ಸವಾಲಿರಾಮನ ಅಂಚೆ

ಪ್ರಶ್ನೆಗೆ ವಿಳಾಸ ಕೊಡುವ ಕೆಲಸವನ್ನು ನಮ್ಮ ದೇಶದಲ್ಲಿಯೇ ಮಾಡಿ ತೋರಿಸಿದ ಉದಾಹರಣೆ ಇದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಗ್ರಾಮೀಣ ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನ ಬೋಧನೆಯ ಹೊಸ ಪ್ರಯೋಗವೊಂದು ಆರಂಭವಾಯಿತು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುನ್ನಡೆಸಿತು. ಮಕ್ಕಳೇ ಪ್ರಯೋಗ ಮಾಡಿ, ಫಲಿತಾಂಶ ಬರೆದು, ಚರ್ಚಿಸಿ ಕಲಿಯಬೇಕೆಂಬುದು ಅದರ ನಿಲುವು. ಪರೀಕ್ಷೆಯಲ್ಲೂ ಪುಸ್ತಕ ತೆರೆದಿಟ್ಟುಕೊಳ್ಳಲು ಅವಕಾಶವಿತ್ತು. ಆ ಕಾರ್ಯಕ್ರಮದಲ್ಲಿ ಸವಾಲಿರಾಮ ಎಂಬ ಕಾಲ್ಪನಿಕ ವ್ಯಕ್ತಿಯೊಬ್ಬನಿದ್ದ. ಮನಸ್ಸಿಗೆ ಬಂದ ಯಾವುದೇ ಪ್ರಶ್ನೆಯನ್ನು ಅವನಿಗೆ ಬರೆಯಿರಿ ಎಂದು ಪಠ್ಯಪುಸ್ತಕವೇ ಮಕ್ಕಳನ್ನು ಆಹ್ವಾನಿಸುತ್ತಿತ್ತು. ಮಕ್ಕಳು ಬರೆದರು. ಆ ಹೆಸರಿನ ಹಿಂದಿದ್ದ ಶಿಕ್ಷಕರೂ ವಿಜ್ಞಾನಿಗಳೂ ಉತ್ತರಿಸಿದರು. ರಾಜ್ಯ ಸರ್ಕಾರ 2002ರಲ್ಲಿ ಈ ಕಾರ್ಯಕ್ರಮವನ್ನು ನಿಲ್ಲಿಸಿತು. ಆದರೂ ಹಳ್ಳಿಯ ಮಗುವಿಗೆ ಪ್ರಶ್ನೆ ಇರುವುದಿಲ್ಲ ಎಂಬ ಪಟ್ಟಣಿಗರ ನಂಬಿಕೆಯನ್ನು ಆ ಕಾಗದಗಳು ಸುಳ್ಳು ಮಾಡಿದ್ದವು. ಹೆಸರು ಮತ್ತು ವಿಳಾಸ ಇದ್ದರೆ ಸಾಕು, ಮಕ್ಕಳು ಬರೆಯುತ್ತಾರೆ.

ಕನ್ನಡದಲ್ಲಿಯೂ ಇಂಥ ಪ್ರಯತ್ನಗಳಿಗೆ ಕೊರತೆಯಿಲ್ಲ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರತಂದರು. ಎಚ್. ನರಸಿಂಹಯ್ಯನವರು 1962ರಲ್ಲಿ ಸ್ಥಾಪಿಸಿದ ಬೆಂಗಳೂರು ಸೈನ್ಸ್ ಫೋರಂ ವಿಜ್ಞಾನಿಗಳನ್ನು ಜನಸಾಮಾನ್ಯರ ಪ್ರಶ್ನೆಗಳ ಎದುರು ನಿಲ್ಲಿಸಿತು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬುದನ್ನು ಅವರು ಜೀವನದುದ್ದಕ್ಕೂ ಹೇಳಿದರು. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲ ವಿಜ್ಞಾನ’ ಪತ್ರಿಕೆಯ ಮೂಲಕ ಎರಡು ತಲೆಮಾರಿನ ಮಕ್ಕಳನ್ನು ಮುಟ್ಟಿದೆ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕಾಗಿ ಹಳ್ಳಿಯ ಮಕ್ಕಳು ತಮ್ಮೂರಿನ ಸಮಸ್ಯೆಯನ್ನೇ ಆರಿಸಿಕೊಂಡು ಅಧ್ಯಯನ ಮಾಡುವಂತೆ ಮಾಡಿದ್ದೂ ಈ ಪರಿಷತ್ತೇ. ಆದರೆ ಬೆಂಗಳೂರಿನ ಸಭಾಂಗಣ ಯಲಬುರ್ಗಾದ ಹುಡುಗಿಗೆ ದೂರ. ವರ್ಷಕ್ಕೊಮ್ಮೆ ನಡೆಯುವ ಸಮಾವೇಶಕ್ಕೆ ಶಾಲೆಯಿಂದ ಹೋಗುವವರು ನಾಲ್ಕೈದು ಮಕ್ಕಳು ಮಾತ್ರ. ದಿನನಿತ್ಯದ ಪ್ರಶ್ನೆಗೆ ದಿನನಿತ್ಯದ ವಿಳಾಸವೇ ಬೇಕು.

ನಾಲ್ಕು ತಾಲ್ಲೂಕುಗಳ ಪ್ರಶ್ನಾವಳಿ

ಎರಡನೆಯ ಬಗೆಯ ಪ್ರಶ್ನೆಗೆ, ಅಂದರೆ ಕುತೂಹಲದ ಪ್ರಶ್ನೆಗೆ, ಈ ಜಿಲ್ಲೆಯಷ್ಟು ಫಲವತ್ತಾದ ನೆಲ ಬೇರೊಂದಿಲ್ಲ ಎಂಬುದು ನನ್ನ ಅನುಭವ. ಪಠ್ಯಪುಸ್ತಕ ದೂರದ ಉದಾಹರಣೆಗಳನ್ನು ಕೊಡುತ್ತದೆ. ಅದೇ ತತ್ವಗಳು ನಮ್ಮ ಊರ ಹೊರಗೆ ಬಿದ್ದಿವೆ.

ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಿಂದ ಆರಂಭಿಸೋಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಜಿಲ್ಲೆಯ ಪ್ರತಿ ಮನೆಯಲ್ಲೂ ವಾರಗಟ್ಟಲೆ ಅದೇ ಮಾತು. ಮಕ್ಕಳು ಕೇಳಿದ ಪ್ರಶ್ನೆಗಳು ದೊಡ್ಡವರ ಪ್ರಶ್ನೆಗಳಿಗಿಂತ ಚೆನ್ನಾಗಿದ್ದವು. ನೀರಿಗೆ ಅಷ್ಟು ಬಲ ಎಲ್ಲಿಂದ ಬಂತು? ಗೇಟಿನ ಅಗಲ 60 ಅಡಿ, ಎತ್ತರ 20 ಅಡಿ. ಆಳ ಹೆಚ್ಚಿದಂತೆ ದ್ರವದ ಒತ್ತಡ ಹೆಚ್ಚುತ್ತದೆ ಎಂಬ ಎಂಟನೆಯ ತರಗತಿಯ ಪಾಠವನ್ನು ಹಿಡಿದು ಲೆಕ್ಕ ಹಾಕಿದರೆ, ನೀರು ಗೇಟಿನ ಅಂಚಿನವರೆಗೆ ನಿಂತಾಗ ಅದರ ಮೇಲೆ ಬೀಳುವ ಒಟ್ಟು ತಳ್ಳುವಿಕೆ ಸುಮಾರು 340 ಟನ್ ಭಾರಕ್ಕೆ ಸಮ. ಈ ಸಂಖ್ಯೆಯನ್ನು ಮಕ್ಕಳೇ ಕಂಡುಕೊಳ್ಳಬಲ್ಲರು. ಇನ್ನೊಂದು ಲೆಕ್ಕವನ್ನೂ ಮಾಡಬಹುದು. ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ ಅದು ಸುಮಾರು 105ಕ್ಕೆ ಇಳಿದಿದೆ. ಎಪ್ಪತ್ತು ವರ್ಷಗಳಲ್ಲಿ ಕಳೆದ 28 ಟಿಎಂಸಿ ಅಡಿಯನ್ನು ಘನ ಮೀಟರಿಗೆ ತಿರುಗಿಸಿದರೆ ವರ್ಷಕ್ಕೆ ಒಂದು ಕೋಟಿ ಘನ ಮೀಟರಿಗೂ ಮಿಕ್ಕಿ ಹೂಳು ಬಂದಿದೆ ಎಂದಾಯಿತು. ಆ ಮಣ್ಣು ಯಾರ ಹೊಲದ್ದು? ಇದಕ್ಕಿಂತ ಒಳ್ಳೆಯ ಪರಿಸರ ಪಾಠ ಯಾವ ಪುಸ್ತಕದಲ್ಲಿದೆ?

ಅದೇ ನೀರು ಎಡದಂಡೆ ಕಾಲುವೆಯಲ್ಲಿ ಹರಿದು ಗಂಗಾವತಿಯನ್ನು ಭತ್ತದ ಕಣಜ ಮಾಡಿದೆ. ಅಲ್ಲಿಯ ಮಕ್ಕಳು ಕಾಲುವೆಯ ಕೆಳಗಿನ ಕೆಲವು ಹೊಲಗಳಲ್ಲಿ ಬಿಳಿಯ ಪದರ ಕಟ್ಟಿರುವುದನ್ನು ದಿನವೂ ನೋಡುತ್ತಾರೆ. ನೀರಿಗೆ ಬರವಿಲ್ಲದ ಹೊಲ ಏಕೆ ಬರಡಾಗುತ್ತದೆ? ಅತಿಯಾಗಿ ನೀರು ಹಾಯಿಸಿದಾಗ ನೆಲದಡಿಯ ನೀರಿನ ಮಟ್ಟ ಮೇಲೇರುತ್ತದೆ. ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಅದು ಮೇಲೆ ಬಂದು ಆವಿಯಾದಾಗ ಕರಗಿದ್ದ ಲವಣ ಹಿಂದೆ ಉಳಿಯುತ್ತದೆ. ಮಣ್ಣಿನಲ್ಲಿ ಲವಣ ಹೆಚ್ಚಿದಾಗ ಅಭಿಸರಣೆಯ ನಿಯಮದಂತೆ ಬೇರು ನೀರನ್ನು ಹೀರಲಾರದು. ಗಿಡ ನೀರಿನಲ್ಲಿಯೇ ನಿಂತು ಬಾಯಾರುತ್ತದೆ. ಅಭಿಸರಣೆಯನ್ನು ನಾವು ಒಣದ್ರಾಕ್ಷಿ, ಸಕ್ಕರೆ ನೀರಿನಲ್ಲಿ ಕಲಿಸುತ್ತೇವೆ. ತುಂಗಭದ್ರಾ ಅಚ್ಚುಕಟ್ಟಿನ ಸವಳು ಮಣ್ಣಿನ ಬಗ್ಗೆ ದಶಕಗಳಿಂದ ಸಂಶೋಧನೆ ನಡೆಸಿರುವ ಕೃಷಿ ಸಂಶೋಧನಾ ಕೇಂದ್ರ ಗಂಗಾವತಿಯಲ್ಲಿಯೇ ಇದೆ. ಶಾಲೆಯ ಪ್ರಶ್ನೆ ಅಲ್ಲಿಗೆ ತಲುಪುವ ದಾರಿ ಮಾತ್ರ ಇಲ್ಲ.

ಇದೇ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಶಿಲಾಸಮಾಧಿಗಳಿವೆ. ಜನ ಅವನ್ನು ಮೋರೇರ ಮನೆಗಳೆಂದು ಕರೆಯುತ್ತಾರೆ. 2021ರಲ್ಲಿ ಈ ತಾಣ ಯುನೆಸ್ಕೊದ ಸಂಭಾವ್ಯ ಪಟ್ಟಿ ಸೇರಿತು. ಮನುಷ್ಯರಿಗಿಂತ ಎತ್ತರದ ಆ ಚಪ್ಪಡಿಗಳನ್ನು ಯಂತ್ರವಿಲ್ಲದೆ ಹೇಗೆ ಎಬ್ಬಿಸಿದರು? ಗ್ರಾನೈಟ್ ಬಂಡೆ ಈರುಳ್ಳಿಯಂತೆ ಪದರು ಪದರಾಗಿ ಬಿಡಿಸಿಕೊಳ್ಳುವ ಗುಣ, ಸನ್ನೆಕೋಲು, ಇಳಿಜಾರು, ಘರ್ಷಣೆ ಎಲ್ಲವೂ ಈ ಒಂದು ಪ್ರಶ್ನೆಯೊಳಗಿವೆ.

ಕುಷ್ಟಗಿ ಭಾಗಕ್ಕೆ ಬನ್ನಿ. ಇಲ್ಲಿಯ ಸಂಕರಣ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿನ ಕೇಸರಗಳನ್ನು ಕೈಯಿಂದ ಬಿಡಿಸಿ, ಬೇರೆ ತಳಿಯ ಪರಾಗವನ್ನು ಮುಟ್ಟಿಸುವ ಕೆಲಸವನ್ನು ಹೆಚ್ಚಾಗಿ ಮಾಡುವವರು ಹೆಂಗಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಮೆಂಡಲ್ ತನ್ನ ಮಠದ ತೋಟದಲ್ಲಿ ಬಟಾಣಿ ಗಿಡಗಳ ಮೇಲೆ ಮಾಡಿದ್ದು ಇದೇ ಕೆಲಸವನ್ನು. ಆ ಹೆಂಗಸರ ಮಕ್ಕಳು ಶಾಲೆಯಲ್ಲಿ ಮೆಂಡಲ್ಲನ ಅನುಪಾತವನ್ನು ಬಾಯಿಪಾಠ ಮಾಡುತ್ತಾರೆ. ತಾಯಿಯ ಕೈಯ ಕೆಲಸಕ್ಕೂ ತಮ್ಮ ಪಾಠಕ್ಕೂ ಸಂಬಂಧವಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ‘ಸಂಕರಣ ಬೀಜದ ಬೆಳೆಯಿಂದ ತೆಗೆದಿಟ್ಟ ಬೀಜ ಮರುವರ್ಷ ಏಕೆ ಒಂದೇ ಸಮನಾಗಿ ಬರುವುದಿಲ್ಲ?’ ಎಂದು ಒಬ್ಬ ಹುಡುಗ ಕೇಳಿದರೆ, ಎರಡನೆಯ ತಲೆಮಾರಿನಲ್ಲಿ ಗುಣಗಳು ಬೇರ್ಪಡುತ್ತವೆ ಎಂಬ ಉತ್ತರ ಪಾಠದಲ್ಲಿಯೇ ಇದೆ. ಆ ಉತ್ತರಕ್ಕೆ ಅವನ ಮನೆಯ ಬೀಜದ ಖರ್ಚಿನೊಂದಿಗೂ ನೇರ ಸಂಬಂಧವಿದೆ.

ಕುಷ್ಟಗಿ, ಯಲಬುರ್ಗಾದ ಒಣ ಸೀಮೆಯ ಅತಿ ಗಂಭೀರ ಪ್ರಶ್ನೆ ಕುಡಿಯುವ ನೀರಿನದು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳ ಮಕ್ಕಳ ಹಲ್ಲುಗಳಲ್ಲಿ ಕಂದು ಗೆರೆಗಳು ಕಾಣುತ್ತವೆ. ಬಹುಕಾಲ ಅಂಥ ನೀರು ಕುಡಿದವರ ಮೂಳೆ, ಕೀಲುಗಳೂ ಬಿಗಿದುಕೊಳ್ಳುತ್ತವೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಪ್ರಮಾಣ. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ. ‘ನೀರು ಕುದಿಸಿದರೆ ಹೋಗುತ್ತದೆಯೆ?’ ಎಂಬುದು ನನಗೆ ಮಕ್ಕಳಿಂದ ಮತ್ತೆ ಮತ್ತೆ ಎದುರಾದ ಪ್ರಶ್ನೆ. ಹೋಗುವುದಿಲ್ಲ, ಕುದಿದಷ್ಟೂ ನೀರು ಆವಿಯಾಗಿ ಉಳಿದ ನೀರಿನಲ್ಲಿ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆ. ಕುದಿಸುವುದು ರೋಗಾಣುಗಳಿಗೆ ಮದ್ದು, ಕರಗಿದ ಲವಣಕ್ಕಲ್ಲ. ಈ ಭಾಗದ ಗ್ರಾನೈಟ್ ಶಿಲೆಯ ಖನಿಜಗಳಲ್ಲಿ ಫ್ಲೋರಿನ್ ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡಿನೊಂದಿಗೆ ಕೂಡಿ ಕರಗದ ವಸ್ತುವಾಗಿ ತಳಕ್ಕಿಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆ ಇದ್ದರೆ ಫ್ಲೋರೈಡ್ ನೀರಿನಲ್ಲಿಯೇ ಉಳಿಯುತ್ತದೆ. ಹತ್ತನೆಯ ತರಗತಿಯ ಪ್ರಕ್ಷೇಪನ ಕ್ರಿಯೆಯ ಪಾಠ ಇದೇ. ಈ ಒಂದು ಪ್ರಶ್ನೆಗೆ ಸರಿಯುತ್ತರ ದೊರೆತ ಮನೆಯಲ್ಲಿ ನೀರಿನ ಬಳಕೆ ಬದಲಾಗಬಹುದು. ಆದ್ದರಿಂದ ಪ್ರಶ್ನೆ ಕೇಳುವ ಜಾಗದ ವಿಚಾರ ಅಂಕಗಳಿಗಿಂತ ದೊಡ್ಡದು. ಕೆಲವು ಊರುಗಳಲ್ಲಿ ಅದು ಆರೋಗ್ಯದ ವಿಚಾರ.

ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರಿಗೆ ಸೇರಿರುವ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಅದರ ಕಂಬಗಳು ತಿರುಗಣಿಯಲ್ಲಿ ಕಡೆದಂತೆ ನುಣುಪಾಗಿವೆ. ಆ ಕಲ್ಲಿಗೆ ಅಂಥ ಮೃದುತ್ವ ಹೇಗೆ ಬಂತು, ಅಷ್ಟು ಭಾರದ ಕಂಬವನ್ನು ತಿರುಗಿಸಿದ್ದು ಹೇಗೆ ಎಂಬ ಪ್ರಶ್ನೆ ಪ್ರವಾಸ ಹೋದ ಮಕ್ಕಳಿಗೆ ಬಂದೇ ಬರುತ್ತದೆ. ಬಸ್ಸು ಹೊರಡುವ ಹೊತ್ತಿಗೆ ಅದು ಮರೆತೂ ಹೋಗುತ್ತದೆ.

ಯಾವ ಭಾಷೆಯಲ್ಲಿ ಕೇಳಬೇಕು?

ಎಲ್ಲಿ ಕೇಳಬೇಕು ಎಂಬುದರೊಂದಿಗೆ ಯಾವ ಭಾಷೆಯಲ್ಲಿ ಕೇಳಬೇಕು ಎಂಬ ಪ್ರಶ್ನೆಯೂ ಹೆಣೆದುಕೊಂಡಿದೆ. ಮೈಸೂರು ಸಂಸ್ಥಾನದಲ್ಲಿ ಕನ್ನಡದ ‘ವಿಜ್ಞಾನ’ ಪತ್ರಿಕೆ ಹೊರಟ 1918ರಲ್ಲಿಯೇ ಹೈದರಾಬಾದಿನಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ದೇಶಭಾಷೆಯೊಂದರಲ್ಲಿ ಉನ್ನತ ವಿಜ್ಞಾನವನ್ನು ಕಲಿಸಿದ ಆ ಸಾಹಸ ದೊಡ್ಡದು. ಆದರೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕೊಪ್ಪಳ ಸೀಮೆಯ ಕನ್ನಡದ ಮಗುವಿಗೆ ಆ ಭಾಷೆಯೂ ಮನೆಯದಾಗಿರಲಿಲ್ಲ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಏಕೀಕರಣವಾಯಿತು, ಶಾಲೆಗಳು ಕನ್ನಡದವಾದವು. ಈಗ ಅದೇ ಕಂದಕ ಪಿಯುಸಿಯ ಹೊಸ್ತಿಲಲ್ಲಿದೆ. ಹತ್ತನೆಯ ತರಗತಿಯವರೆಗೆ ಅಭಿಸರಣೆ, ಸಂಗಮದೂರ, ಪ್ರಕ್ಷೇಪ ಎಂದು ಕಲಿತವನಿಗೆ ಮುಂದಿನ ಜೂನ್‌ನಲ್ಲಿ ಪಾಠ, ಪುಸ್ತಕ ಎಲ್ಲ ಇಂಗ್ಲಿಷಿಗೆ ತಿರುಗುತ್ತವೆ. ಅವನಿಗೆ ವಿಷಯ ತಿಳಿದಿರುತ್ತದೆ. ಅದನ್ನು ಕೇಳುವ ಮಾತು ತಿಳಿದಿರುವುದಿಲ್ಲ. ಆ ಮೊದಲ ಆರು ತಿಂಗಳ ಮೌನದಲ್ಲಿ ಎಷ್ಟೋ ಜಾಣ ಮಕ್ಕಳು ವಿಜ್ಞಾನವನ್ನೇ ಬಿಟ್ಟಿದ್ದನ್ನು ನಾನು ಕಂಡಿದ್ದೇನೆ. ಪಿಯು ಕಾಲೇಜುಗಳಲ್ಲಿ ಪಾಠ ಯಾವ ಭಾಷೆಯಲ್ಲಾದರೂ ನಡೆಯಲಿ, ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವ ಹಕ್ಕು ಉಳಿಯಬೇಕು. ಉತ್ತರ ಕೊಡುವವರು ಕನ್ನಡದ ಪದದ ಪಕ್ಕದಲ್ಲಿ ಇಂಗ್ಲಿಷಿನ ಪದವನ್ನು ಇಟ್ಟು ತೋರಿಸಿದರೆ ಆ ಹೊಸ್ತಿಲನ್ನು ದಾಟುವುದು ಸುಲಭ.

ಆಗಬೇಕಾದದ್ದು

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಪ್ರತಿ ಪ್ರೌಢಶಾಲೆಯ ವಿಜ್ಞಾನ ಕೊಠಡಿಯಲ್ಲಿ ಒಂದು ದಪ್ಪ ಪ್ರಶ್ನೆ ಪುಸ್ತಕ ಇರಲಿ. ಎಡಪುಟದಲ್ಲಿ ವಿದ್ಯಾರ್ಥಿ ಪ್ರಶ್ನೆ ಬರೆಯಲಿ. ಅಭ್ಯಾಸದ ಪ್ರಶ್ನೆಯಾದರೆ ತಾನು ಮಾಡಿದಷ್ಟು ಭಾಗವನ್ನೂ ಬರೆಯಲಿ. ಹೆಸರು ಬರೆಯಲು ಅಂಜುವವರು ತರಗತಿಯನ್ನಷ್ಟೇ ಬರೆದರೂ ಸಾಕು. ಬಲಪುಟ ಉತ್ತರಕ್ಕೆ. ಮೊದಲ ಅವಕಾಶ ಸಹಪಾಠಿಗಳದು. ವಾರದ ಒಂದು ಅವಧಿಯಲ್ಲಿ ಶಿಕ್ಷಕರು ಆ ಪುಟಗಳನ್ನು ತರಗತಿಗೆ ಓದಿ, ಸರಿಪಡಿಸಿ, ಉತ್ತರಿಸಲಿ. ಒಬ್ಬರ ಸಂದೇಹ ಎಲ್ಲರ ಪಾಠವಾಗುವುದು ಆಗಲೇ. ಫೋನಿನಲ್ಲಿ ಉತ್ತರ ಕಂಡುಕೊಂಡವರು ಅದನ್ನೂ ಬಲಪುಟದಲ್ಲಿ ಬರೆಯಲಿ. ತರಗತಿ ಅದನ್ನು ಪರಿಶೀಲಿಸಲಿ. ಯಂತ್ರದ ಉತ್ತರವನ್ನು ನಂಬುವ ಮೊದಲು ಪರೀಕ್ಷಿಸುವ ಅಭ್ಯಾಸವೂ ವಿಜ್ಞಾನ ಶಿಕ್ಷಣವೇ.

ಶಾಲೆಯಲ್ಲಿ ಬಗೆಹರಿಯದವನ್ನು ತಿಂಗಳಿಗೊಮ್ಮೆ ತಾಲ್ಲೂಕು ಮಟ್ಟದಲ್ಲಿ ಒಟ್ಟುಗೂಡಿಸಿ ಬಲ್ಲವರಿಗೆ ಕಳಿಸಲಿ. ಮಣ್ಣಿನ ಪ್ರಶ್ನೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ, ಹಲ್ಲು ಮೂಳೆಯ ಪ್ರಶ್ನೆ ಕೊಪ್ಪಳದ ವೈದ್ಯಕೀಯ ಕಾಲೇಜಿಗೆ, ಗೇಟಿನ ಪ್ರಶ್ನೆ ಮುನಿರಾಬಾದಿನ ಎಂಜಿನಿಯರುಗಳಿಗೆ, ಉಳಿದವು ಪದವಿ ಕಾಲೇಜುಗಳ ಅಧ್ಯಾಪಕರಿಗೆ. ಇವರೆಲ್ಲ ಇದೇ ಜಿಲ್ಲೆಯಲ್ಲಿದ್ದಾರೆ. ತಿಂಗಳಿಗೆ ಐದು ಪ್ರಶ್ನೆಗೆ ಅರ್ಧ ಪುಟದ ಉತ್ತರ ಬರೆಯುವುದು ಯಾರಿಗೂ ಭಾರವಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಬಂದ ಉತ್ತರಗಳನ್ನು ಅಲ್ಲಿಯ ಫಲಕಕ್ಕೆ ಅಂಟಿಸಿದರೆ ಶಾಲೆ ಬಿಟ್ಟ ಮಕ್ಕಳೂ ತಂದೆತಾಯಿಗಳೂ ಓದಬಲ್ಲರು. ‘ನಮಗೆ ಗೊತ್ತಿಲ್ಲ’ ಎಂಬ ಉತ್ತರ ಬಂದರೆ ಅದನ್ನೂ ಅಂಟಿಸಲಿ. ಉತ್ತರವಿಲ್ಲದ ಪ್ರಶ್ನೆ ಇದೆ ಎಂದು ತಿಳಿಯುವುದು ಮಗುವಿನ ಮನಸ್ಸಿನಲ್ಲಿ ವಿಜ್ಞಾನದ ಬೀಜ ಬಿತ್ತುವ ಸಂಗತಿ.

ಇದರಿಂದ ಅಂಕ ಹೆಚ್ಚುತ್ತದೆಯೆ ಎಂದು ಪೋಷಕರು ಕೇಳುವುದು ನನಗೆ ಗೊತ್ತು. ಚಿಹ್ನೆಯ ತಪ್ಪನ್ನು ಜೂನ್‌ನಲ್ಲಿಯೇ ಕಂಡುಕೊಂಡ ಹುಡುಗಿ ಮಾರ್ಚ್‌ನಲ್ಲಿ ಆ ಅಂಕವನ್ನು ಕಳೆದುಕೊಳ್ಳುವುದಿಲ್ಲ ಎಂಬಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಶಾಲೆಗಳನ್ನು ತಪಾಸಣೆ ಮಾಡುವ ಅಧಿಕಾರಿಗಳು ಹಾಜರಿ ಪುಸ್ತಕ, ಅಂಕಪಟ್ಟಿಗಳೊಂದಿಗೆ ಈ ಪ್ರಶ್ನೆ ಪುಸ್ತಕವನ್ನೂ ತೆರೆದು ನೋಡುವಂತಾಗಬೇಕು. ಅದರ ಪುಟಗಳು ಖಾಲಿ ಇದ್ದರೆ, ಆ ಶಾಲೆಯ ಫಲಿತಾಂಶ ನೂರಕ್ಕೆ ನೂರಿದ್ದರೂ, ಅಲ್ಲಿ ಏನೋ ಕೊರತೆಯಿದೆ ಎಂದೇ ತಿಳಿಯಬೇಕು.